ಚೀಟಿಯ ಹಿಂಬದಿ

ಗೌಸ್ ಪೀರ್ ಸಾಬರು ಫಿಲೇಚರಿನಲ್ಲಿ ಟೀವಿ ಇಟ್ಟದ್ದು
ನಾವು ತೂಕಡಿಸಬಾರದು ಅಂತ, ಮೋಜಿಗಲ್ಲ.
ಶಿಡ್ಲಘಟ್ಟ ಇನ್ನೂ ಮುಸುಕೆಳೆದು ಮಲಗಿರುವಾಗ
ಒಲೆ ಹೊತ್ತಿಸಿ ಗೂಡು ಬೇಯಿಸುತ್ತಿದ್ದೆವು.
ಆ ಹೊತ್ತಿಗೆ ಎಲ್ಲೋ ಒಂದು ದೇಶದಲ್ಲಿ
ಮಂಜುಗಡ್ಡೆಯ ಮೇಲೆ
ಗಂಡಸರು ಕುಣಿಯುತ್ತಿದ್ದರು.

ಕೈ ಕುದಿನೀರಲ್ಲಿ, ಕಣ್ಣು ಆ ಐಸಿನಲ್ಲಿ.
ಐಸು ಅಂದರೆ ನನಗೆ ಗೊತ್ತಿದ್ದದ್ದು
ಶರಬತ್ತಿನ ಗಾಡಿಯದು, ಮರದ ಹೊಟ್ಟು ಮೆತ್ತಿದ್ದು.

ಚರಕದ ಗಡಗಡಕ್ಕೆ ಅವರ ಸಂಗೀತ ಕೇಳುತ್ತಿರಲಿಲ್ಲ.
ಹಬೆಗೆ ಹೆಸರು ಕಾಣುತ್ತಿರಲಿಲ್ಲ.
ಕಂಡಿದ್ದರೂ ಓದುವವರು ಯಾರು?
ನಾವೇ ಹೆಸರಿಟ್ಟೆವು:
ಕರಿ ಅಂಗಿ, ಮದುಮಗ, ಕೊಕ್ಕರೆ ಕಾಲು,
ಅಳುಮುಂಜಿ, ಅವನ ತಮ್ಮನಂಥವನು.

ವರ್ಷಕ್ಕೊಮ್ಮೆ ಎಲ್ಲ ಮುಗಿದ ಮೇಲೆ
ಸಾಬರು ಗೂಡಿನ ಮಾರ್ಕೆಟ್ಟಿನ ಚೀಟಿ ತಿರುಗಿಸಿ
ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು
‘ಹೇಳ್ರಮ್ಮ, ಒಂದನೇ ನಂಬರು ಯಾರು?’ ಅನ್ನುವರು.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳದ ಸದ್ದು ಕೇಳಿ
ಲಾಟಿಗೆ ಬೆಲೆ ಕೂಗುವ ಮನುಷ್ಯ;
ಕೊಕ್ಕರೆ ಕಾಲನ್ನು ಒಂದೇ ಮಾತಲ್ಲಿ ತಳ್ಳಿಬಿಟ್ಟರು:
‘ಬಣ್ಣ ಐತೆ. ರೆಂಡಿಟ್ಟಾ ಬರಲ್ಲ.’

ಕರಿ ಅಂಗಿ ಎಗರಿ ನಾಲ್ಕು ಸುತ್ತು ತಿರುಗಿದ
ಅಂದಳು ಗಂಗುಲಮ್ಮ. ಮೂರೂವರೆ ಅಂದೆ ನಾನು.
ಎಣಿಸುವ ಭರದಲ್ಲಿ ನನ್ನ ಎಳೆ ಕಡಿದು
ಆ ವಾರ ಐದು ರೂಪಾಯಿ ಹೋಯಿತು.
ಈಗಲೂ ಮೂರೂವರೆಯೇ.

‘ತಿರುಗೋದು ಏನು ದೊಡ್ಡದು, ರಾಟೆ ತಿರುಗಲ್ವಾ?
ತಿರುಗೋವಾಗ ಎಳೆ ಕಡೀಬಾರದು’
ಅದು ಸಾಬರ ಲೆಕ್ಕ.
ಆ ಲೆಕ್ಕದಲ್ಲಿ ಮದುಮಗ
ನಾಲ್ಕು ವರ್ಷ ತಲೆಯ ಮೇಲೇ ಕೂತ.

ಆಮೇಲೆ ಅಳುಮುಂಜಿ ಬಿದ್ದ ವರ್ಷ ಬಂತು.
ಒಂದೇ ಆಟದಲ್ಲಿ ಮೂರು ಸಲ,
ಸೊಂಟ ಊರಿ, ಮೊಣಕೈ ಊರಿ, ಕೊನೆಗೆ ಮುಖವನ್ನೇ ಊರಿ.
ಗಂಗುಲಮ್ಮ ಬೇಸಿನ್ನಿನಿಂದ ಕೈ ಎತ್ತಿಬಿಟ್ಟಳು:
‘ನೋಡೇ, ಎಲ್ಲಿ ಕಡಿದಿತ್ತೋ
ಅಲ್ಲಿಂದಲೇ ತುದಿ ಹುಡುಕಿ ಹಿಡಿದ!
ನಾವು ದಿನಾ ಮಾಡೋದು ಇದೇ ಅಲ್ವಾ?
ಇವನೇ ಒಂದನೇ ನಂಬರು.’
‘ಗಂಟು ಬಿದ್ದ ನೂಲಿಗೆ ರೇಟಿಲ್ಲಮ್ಮ’ ಅಂದರು ಸಾಬರು.
ಅವಳು ಎರಡು ದಿನ ಕೆಲಸಕ್ಕೆ ಬರಲಿಲ್ಲ.

ಹತ್ತು ಚೀಟಿಗಳು ಹೀಗೆ.
ಸೇರಿದಾಗ ನನಗೆ ಹದಿನಾರು,
ಫಿಲೇಚರಿಗೆ ಬೀಗ ಬಿದ್ದಾಗ ಕಂಕುಳಲ್ಲಿ ಎರಡನೇ ಮಗು.
ಬೇಸಿನ್ನುಗಳನ್ನು ಗುಜರಿಯವನು ತೂಗುತ್ತಿರುವಾಗ
ಸಾಬರು ಹತ್ತೂ ಚೀಟಿ ಹರವಿಕೊಂಡು
ಹನ್ನೊಂದನೆಯದರ ಹಿಂದೆ ಬರೆದರು,
ದಶಕದ ಲೆಕ್ಕ ಚುಕ್ತಾ ಮಾಡುವವರ ಹಾಗೆ.
ಮದುಮಗ ಎರಡನೆಯವನು.
ಮೇಲಿದ್ದ ಅಳುಮುಂಜಿಯ ಪಕ್ಕ ಸಣ್ಣಕ್ಷರದಲ್ಲಿ:
ಗಂಗುಲಮ್ಮನ ಬಾಯಿಗೆ ಹೆದರಿ.

ನನ್ನನ್ನು ಯಾರೂ ಕೇಳಲಿಲ್ಲ.

ನನ್ನವನು ಆ ಪಟ್ಟಿಯಲ್ಲೇ ಇಲ್ಲ.
ಒಂದೇ ವರ್ಷ ಬಂದ, ಹಳದಿ ಅಂಗಿ,
ಎಗರಿದ್ದು ಕಡಿಮೆ, ನಂಬರು ಹದಿನೇಳೋ ಹದಿನೆಂಟೋ.
ಆಟ ಮುಗಿದ ಮೇಲೆ ಎಲ್ಲರೂ ಮೇಲೆ ನೋಡಿ ಕೈ ಬೀಸುವಾಗ
ಅವನು ಬಗ್ಗಿ
ಅಂಗೈಯನ್ನು ಐಸಿನ ಮೇಲೆ ಇಟ್ಟ.
ಇಟ್ಟು, ಸ್ವಲ್ಪ ಹೊತ್ತು ಹಾಗೇ ಬಿಟ್ಟ,
ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.
ನನ್ನ ಹತ್ತೂ ಬೆರಳು ಕುದಿಯುತ್ತಿದ್ದವು.

ರೇಷನ್ ಅಂಗಡಿಯ ಯಂತ್ರ ಇವತ್ತಿಗೂ
ನನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.
ಒರೆಸಮ್ಮ, ಇನ್ನೊಂದು ಸಲ ಒತ್ತು, ಅನ್ನುತ್ತಾನೆ ಹುಡುಗ.
ಒತ್ತುತ್ತೇನೆ.
ಗಾಜು ತಣ್ಣಗಿರುತ್ತದೆ.
ಹಿಂದೆ ಸಾಲು ಗೊಣಗಿದರೂ
ಕೈ ತೆಗೆಯಲು ಅವಸರ ಮಾಡುವುದಿಲ್ಲ.