ಮೂರನೆಯ ಸಂಪುಟ

ತ್ಬಿಲಿಸಿಯ ರಸ್ತೆಗಳಿಂದ ಅರವತ್ತು ಮೀಟರು ಕೆಳಗೆ
ಮೆಟ್ರೋ ಹೊಟ್ಟೆಯಲ್ಲಿ ನನ್ನ ಗಾಜಿನ ಗೂಡು.
ಎದುರಿಗೆ ಮೂರು ಓಡುವ ಮೆಟ್ಟಿಲು:
ಒಂದು ಏರುತ್ತದೆ, ಒಂದು ಇಳಿಯುತ್ತದೆ,
ಇನ್ನೊಂದು ಸದಾ ರಿಪೇರಿ.
ನೋಡುತ್ತಾ ಕೂರುವುದು ನನ್ನ ಕೆಲಸ,
ಯಾರಾದರೂ ಬಿದ್ದರೆ ಕೆಂಪು ಗುಂಡಿ ಒತ್ತುವುದು.
ಇಪ್ಪತ್ತಾರು ವರ್ಷದಲ್ಲಿ ಒತ್ತಿದ್ದು ಒಂಬತ್ತು ಸಲ.
ಉಳಿದ ಹೊತ್ತು ಓದಿದ್ದೇನೆ.

ಕೆಲಸದ ವೇಳೆ ಓದಬಾರದೆಂಬ ನಿಯಮವನ್ನು
ಗಾಜಿಗೇ ಅಂಟಿಸಿದ್ದಾರೆ.
ಅದನ್ನೂ ಓದಿದ್ದೇನೆ.

ನನ್ನ ಲೆಕ್ಕ ಗಂಟೆಯದಲ್ಲ, ರೈಲಿನದು.
ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕು ನಿಮಿಷ,
ಎರಡು ಪುಟ; ಪಾತ್ರಗಳು ಜಗಳಕ್ಕೆ ನಿಂತರೆ ಮೂರು.
ರೈಲಿಗಿಂತ ಮುಂಚೆ ಅದರ ಗಾಳಿ ಬಂದು
ಹಾಳೆ ಮಗುಚುತ್ತದೆ. ಅವಸರದ ಓದುಗ ಅದು,
ಕೊನೆ ಏನೆಂದು ಮೊದಲೇ ನೋಡುವ ಜಾತಿ.

ಮೆಟ್ಟಿಲ ಮೇಲೆ ಓದುತ್ತಾ ಇಳಿಯುವವರು
ನನಗೆ ಮುಖದಿಂದಲ್ಲ, ರಟ್ಟಿನಿಂದ ಗುರುತು.
ಹಸಿರು ರಟ್ಟಿನ ಹುಡುಗ ಎರಡು ತಿಂಗಳಿಂದ
ಅದೇ ಪುಸ್ತಕದ ಅದೇ ನಡುಭಾಗದಲ್ಲಿದ್ದಾನೆ.
ಅವನು ಓದುತ್ತಿಲ್ಲ, ಪಾಪ,
ಎದುರು ಏರುವ ಯಾರಿಗೋ ಕಾಯುತ್ತಿದ್ದಾನೆ.
ಆದರೂ ಮೈಕಿನಲ್ಲಿ ಹೇಳುತ್ತೇನೆ,
ನಿಯಮದಲ್ಲಿಲ್ಲದ ನನ್ನದೇ ಒಂದು ಮಾತು:
"ಓದುವವರೇ, ಮೆಟ್ಟಿಲು ಮುಗಿಯಿತು."

ಭಾನುವಾರ ಒಣಸೇತುವೆಯ ಸಂತೆ.
ಹಳೆ ಪದಕ, ಮೂತಿ ಮುರಿದ ಚಹಾಪಾತ್ರೆಗಳ ಪಕ್ಕ
ಮುದುಕ ಜೆಮಾಲ್ ಹಾಸಿದ ಹೊದಿಕೆಯ ಮೇಲೆ
ಆರು ಸಂಪುಟದ ಕಾದಂಬರಿಯ ಮೂರನೆಯದು ಮಾತ್ರ.
"ಉಳಿದದ್ದು?" ಅಂದೆ.
"ಉಳಿದದ್ದು ಉಳಿಯಲಿಲ್ಲ," ಅಂದ.
ಚಿಲ್ಲರೆ ಕೊಟ್ಟು ತಂದೆ.

ಮೊದಲ ಪುಟದಲ್ಲೇ ಎಲ್ಲರೂ ಅಳುತ್ತಿದ್ದರು.
ತಿಥಿಯೂಟಕ್ಕೆ ತಡವಾಗಿ ಹೋದವಳ ಹಾಗೆ
ಸತ್ತವರು ಯಾರೆಂದು ಕೇಳಲು ನಾಚಿ
ನಾನೂ ಒಂದಿಷ್ಟು ಅತ್ತೆ.

ಮನೆಯಲ್ಲಿ ಕುರ್ಚಿಗಳಿಲ್ಲ. ಬಂದವರು
ಪುಸ್ತಕದ ಪೇರಿಯ ಮೇಲೆ ಕೂರುತ್ತಾರೆ.
ದೀಪ ಇರದ, ಗ್ಯಾಸು ಇರದ ಆ ಚಳಿಗಾಲಗಳಲ್ಲಿ
ಒಲೆಗೆ ಮೊದಲು ಹೋದದ್ದು ನಾಯಕರ ಭಾಷಣಗಳು,
ಗಟ್ಟಿ ರಟ್ಟು, ಬದುಕಿನಲ್ಲಿ ಮೊದಲ ಸಲ
ಉಪಯೋಗಕ್ಕೆ ಬಂದವು.
ಆಮೇಲೆ ಅಪ್ಪನ ರಸಾಯನಶಾಸ್ತ್ರ.
ಮೂರನೆಯದಕ್ಕೆ ಕೈ ಹಾಕಿ ನಾನು
ಅಲ್ಲೇ ಓದುತ್ತಾ ಕೂತುಬಿಟ್ಟೆ.
ಅಮ್ಮ ಹಲ್ಲು ಕಟಕಟಿಸುತ್ತಾ ನೋಡಿದಳು, ಎದ್ದಳು,
ತಾನು ಕೂತಿದ್ದ ಕುರ್ಚಿಯ ಕಾಲು ಮುರಿದಳು.
ಅದರ ಬಗ್ಗೆ ನಾವು ಮತ್ತೆ ಮಾತಾಡಲಿಲ್ಲ.

ಗೊದೆರ್ಜಿ ನಮ್ಮ ಮೇಲ್ವಿಚಾರಕ.
ಅವನಿಗಿಂತ ಮೊದಲು ಅವನ ಕೆಮ್ಮು ಬರುತ್ತದೆ,
ಪುಸ್ತಕ ಕೋಟಿನಡಿಗೆ ಜಾರುತ್ತದೆ.
ಮೊನ್ನೆ ಜಾರಲಿಲ್ಲ.
ಮೂರನೆಯ ಸಂಪುಟದ ಕೊನೆಯ ಹಾಳೆ:
ಹುಡುಗಿ ರಾತ್ರಿ ಹೊಳೆಗೆ ಇಳಿದಿದ್ದಾಳೆ,
ನೀರು ಸೊಂಟಕ್ಕೆ ಬಂದಿದೆ,
ಬಿಟ್ಟು ಹೇಗೆ ಏಳಲಿ?
ಗಾಜಿನಾಚೆ ನಿಂತ. ನಿಂತೇ ಇದ್ದ.
ನಾನು ತಲೆ ಎತ್ತಿದ ಮೇಲೆ
ಬೈಗುಳ ಹುಡುಕಿದ, ಸಿಗಲಿಲ್ಲ.
"ಏನಾಯಿತು ಲಮಾರಾ, ಯಾಕೆ ಈ ಮುಖ?"
ಹೇಳಿದೆ.
"ಬದುಕಿದಳಾ?"
"ನಾಲ್ಕನೆಯದರಲ್ಲಿ ಗೊತ್ತಾಗಬೇಕು."
"ನಾಲ್ಕನೆಯದು?"
ಕೈ ಚೆಲ್ಲಿದೆ.
ನಿಯಮದ ಚೀಟಿಯ ಮೂಲೆ ಎದ್ದಿತ್ತು,
ಹೆಬ್ಬೆರಳಿಂದ ಒತ್ತಿ ಅಂಟಿಸಿ ಹೋದ.

ಮೂರು ಭಾನುವಾರ ಅವನನ್ನು ಸೇತುವೆಯ ಬಳಿ ಕಂಡೆ,
ಪದಕ ನೋಡುವವನ ಹಾಗೆ ನಟಿಸುತ್ತಿದ್ದ.

ಇವತ್ತು ಕೆಮ್ಮಿಲ್ಲದೆ ಬಂದ.
ಪತ್ರಿಕೆಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟು
"ನಾಲ್ಕು ಸಿಗಲಿಲ್ಲ, ಎರಡು ಸಿಕ್ಕಿತು,"
ಎಂದು ತಪ್ಪೊಪ್ಪುವವನಂತೆ ನಿಂತ.

ಹಾಳೆಗಳು ಇನ್ನೂ ಒಂದಕ್ಕೊಂದು ಕೂಡಿಕೊಂಡಿದ್ದವು,
ಇಷ್ಟು ವರ್ಷ ಯಾರೂ ಓದಿಲ್ಲ.
ಬ್ರೆಡ್ಡಿನ ಚಾಕುವಿನಿಂದ ಬಿಡಿಸುತ್ತಾ ಹೋದೆ.
ನೂರಹನ್ನೆರಡನೆಯ ಪುಟದಲ್ಲಿ ಅವಳಿದ್ದಾಳೆ,
ಒಂಬತ್ತು ವರ್ಷ, ಎರಡು ಜಡೆ,
ದಡದ ಕಲ್ಲು ಹಿಡಿದು ಬಿಡಲೊಲ್ಲಳು.
ಹೊಳೆಯಲ್ಲಿ ನಿಂತ ಅಣ್ಣ ಕೈ ಚಾಚಿ
ಕಾಲು ಬಡಿ, ಉಸಿರು ಬಿಗಿಹಿಡಿ, ಅನ್ನುತ್ತಿದ್ದಾನೆ.

ಗೊದೆರ್ಜಿ ಗಾಜಿಗೆ ಮೂಗು ಒತ್ತಿದ್ದಾನೆ.
"ಕಲಿತಳಾ?"

ತಡಿ, ತಡಿ,
ರೈಲು ಬಂತು.