ಉಳಿದ ವಾಶರ್

ಮುಳಗುಂದ ನಾಕಾದ ದಾವಲಸಾಬ
ಹೋದ ಸಲ ಕಾರ್ಬೊರೇಟರಿಗೆ ಮುನ್ನೂರೈವತ್ತು ತಗೊಂಡ.
ಹಳೇ ಸಾಮಾನು ತೋರಿಸಲಿಲ್ಲ. ನಾನೂ ಕೇಳಲಿಲ್ಲ.
ಕೇಳದ ಮಾತು ಮನೀತನಕ
ಹಿಂದಿನ ಸೀಟಿನ್ಯಾಗ ಕುಂತು ಬಂತು.

ಅದಕ್ಕ ಈ ಐತವಾರ
ಅಂಗಳದಾಗ ಪೇಪರ್ ಹಾಸಿ ನಾನೇ ಬಿಚ್ಚಿದೆ.
ಹತ್ತರ ಪಾನಾ, ಅಪ್ಪನ ಕಾಲದ ಪಕ್ಕಡ,
ಚಿಮಣಿ ಎಣ್ಣಿ ಈಗೆಲ್ಲಿ ಸಿಗತೈತಿ,
ಪೆಟ್ರೋಲಿನ್ಯಾಗ ಅದ್ದಿದ ಮಗಳ ಹಳೇ ಬ್ರಶ್ಶು.
ಜೆಟ್ಟಿನ ತೂತು ಬಿಸಿಲಿಗೆ ಹಿಡಿದು ನೋಡಿದೆ:
ಸಾಸಿವಿಗಿಂತ ಸಣ್ಣದು,
ಅದರಾಚೆ ಇಡೀ ಬೆಟಗೇರಿ.

ತಿರುಗಿ ಕೂಡಿಸಿದೆ. ಕಿಕ್ ಹೊಡದೆ.
ಚಾಲೂ ಆತು!
ಚಾ ತಂದ ನೀಲವ್ವ ಪೇಪರ್ ನೋಡಿ ಅಂದ್ಲು,
"ಇದ್ಯಾವುದರದು?"
ಒಂದು ವಾಶರ್. ಹಿತ್ತಾಳಿದು. ಹೊಳೀತಿತ್ತು.

ಎಂಟು ದಿನ ಅಂಗಿ ಕಿಸೇದಾಗ ಅದು,
ಎಂಟು ದಿನ ನಾಕಾ ಬಿಟ್ಟು ಸುತ್ತಿನ ದಾರಿ.

ಒಂಬತ್ತನೇ ದಿನ ಆ ದಾರಿ ಅಗದಿದ್ರು.
ಅವನ ಅಂಗಡಿ ಮುಂದ ಸಾವಕಾಶ ಹಾದೆ.
ಟಂಟಂ ಕೆಳಗ ಮಕ್ಕೊಂಡಿದ್ದ,
ಮಾರಿ ಕಾಣಲಿಲ್ಲ,
ಬರೇ ಕೈ ಹೊರಗ ಬಂತು,
ಎಣ್ಣಿ ಮೆತ್ತಿದ, ಬಿಚ್ಚಿದ ಅಂಗೈ:

"ಸರ, ಉಳಿದದ್ದು ಕೊಡ್ರಿ ಇಲ್ಲೆ."