ಗಿರಣಿಯ ಮೇಲಿನ ಮಹಡಿ

ಶ್ರೀನಗರ ಬಸ್ ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮೇಲೆ
ತಗಡು ಹೊದೆಸಿದ ಒಂದೇ ಒಂದು ಉದ್ದನೆ ಕೋಣೆ.
ಭಾನುವಾರ ಏಳಕ್ಕೆಲ್ಲ ನೆಲ ನಡುಗಲು ಶುರು,
ಕೆಳಗೆ ಯಾರದೋ ರಾಗಿ ನುಣ್ಣಗಾಗುತ್ತಿರುತ್ತದೆ.

ಚಪ್ಪಲಿ ಬಿಟ್ಟಲ್ಲೇ ಮಾತೂ ಬಿಟ್ಟು ಬನ್ನಿ
ಅಂದರು ದಾಕ್ಷಾಯಿಣಿ ಮೇಡಂ, ಮೊದಲ ದಿನ.
ನಾನೋ, ಡೈಲಾಗು ಕೊಡುತ್ತಾರೆ, ಬರೆದುಕೊಳ್ಳೋಣವೆಂದು
ನೋಟ್‌ಬುಕ್ ತಂದಿದ್ದೆ. ಇನ್ನೂ ಖಾಲಿ ಅದು.
ಕೊನೆಯ ಹಾಳೆಯಲ್ಲಿ ಮಾತ್ರ ಚೀಟಿ ದುಡ್ಡಿನ ಲೆಕ್ಕ.

ನಡೆಯಿರಿ, ಅಂದರು. ಹದಿಮೂರು ಜನ ನಡೆದೆವು.
ಯಾರೂ ಇಲ್ಲದ ಜಾಗ ಎಲ್ಲಿದೆಯೋ ಅಲ್ಲಿಗೆ ನಡೆಯಿರಿ.
ಈ ಊರಿನಲ್ಲಿ ಅಂಥದೊಂದು ಜಾಗ
ಹುಡುಕಿಕೊಂಡು ಹೋಗಿ ಗೊತ್ತಿರಲಿಲ್ಲ ನನಗೆ,
ಗೋಡೆಗೆ ಒತ್ತಿಕೊಂಡೇ ಮೂರು ಸುತ್ತು ಬಂದೆ.

ನಿಲ್ಲಿ ಅಂದಾಗ ನಿಂತೆ.
ನಿಮ್ಮ ಬಲಗಾಲು ಏನು ತುಳಿಯುತ್ತಿದೆ, ರತ್ನಾಜಿ?
ನೋಡಿಕೊಂಡೆ. ಹೌದು, ಹೆಬ್ಬೆರಳು ತನ್ನಷ್ಟಕ್ಕೆ
ಇಲ್ಲದ ಪೆಡಲನ್ನು ಒತ್ತಿ ಒತ್ತಿ ಬಿಡುತ್ತಿತ್ತು.
ಹನ್ನೊಂದು ವರ್ಷ, ಮೈಸೂರು ರಸ್ತೆಯ ಗಾರ್ಮೆಂಟ್ಸು,
ಗಂಟೆಗೆ ಎಪ್ಪತ್ತು ಕಾಲರ್.
ದಿನಾ ನಾನು ಮನೆಗೆ ಬರುತ್ತಿದ್ದೆ, ಕಾಲು ಬಂದಿರಲಿಲ್ಲ.

ಅದನ್ನೇ ದೊಡ್ಡದು ಮಾಡಿ, ಅಂದರು.
ಬೆರಳಿನಿಂದ ಮೊಣಕಾಲಿಗೆ, ಸೊಂಟಕ್ಕೆ, ಕುತ್ತಿಗೆಗೆ
ಹತ್ತಿ ಬಂತು ಅದು, ಹಲ್ಲು ಕಟಕಟ ಅಂದವು.
ಇಮ್ದಾದ್ ಬಟ್ಟೆಯಾಗಿ ನನ್ನ ಕೈಕೆಳಗೆ ಹರಿದ,
ರಕ್ತ ಪರೀಕ್ಷೆಯ ಲ್ಯಾಬಿನ ರೋಸ್‌ಮೇರಿ ದಾರದ ಉಂಡೆಯಾಗಿ
ನೆಲದ ಮೇಲೆ ಉರುಳಿ ಉರುಳಿ ಸಣ್ಣಗಾದಳು.
ಯಾರೋ ನಡುವೆ ಬಂದು ಬರೀ ಗಡಿಯಾರ ತೋರಿಸಿದರು.
ಎಲ್ಲರಿಗೂ ನಗು ಬಂತು. ಆಮೇಲೆ ಬರಲಿಲ್ಲ.

ನಾಲ್ಕನೇ ವಾರ ಮಾತು ವಾಪಸು ಕೊಟ್ಟರು, ಒಂದು ಷರತ್ತಿಗೆ:
ಎದುರಿನವರು ಏನೇ ಅನ್ನಲಿ, ಇಲ್ಲ ಅನ್ನುವಂತಿಲ್ಲ.
ಅಜ್ಜಿಯ ಕತೆಗೆ ಹೂಂಗುಟ್ಟಿದ ಹಾಗೆ ಹೂಂ ಅನ್ನಬೇಕು,
ಅನ್ನುತ್ತಲೇ ಕತೆಯನ್ನು ಗೇಣುದ್ದ ಮುಂದೆ ನೂಕಬೇಕು.
ಬಸ್ಸಿಗೆ ಕೊಂಬು ಬಂದಿದೆ, ಅಂದ ಓಬಳೇಶ.
(ಅವನು ಕಂಡಕ್ಟರು. ಅವನ ಕನಸಿಗೂ ಬಸ್ಸೇ.)
ಹೂಂ, ಅದಕ್ಕೇ ಹಸಿರು ಸಿಗ್ನಲ್ ಕಂಡರೆ ಮೇಯಲು ನಿಲ್ಲುತ್ತೆ, ಅಂದೆ.
ಅಂದದ್ದು ನಾನೇನಾ?
ಇಷ್ಟು ವರ್ಷ ನಾನಂದ ಯಾವ ಹೂಂಗೂ
ಆಮೇಲೆ ಅನ್ನುವುದು ಇರಲಿಲ್ಲ.

ನಾಟಕ ಯಾವುದು, ಪಾರ್ಟು ಯಾವುದು, ಕೇಳುತ್ತಾರೆ ಲೈನಿನವರು.
ಇನ್ನೂ ಹುಟ್ಟಿಲ್ಲ ಅಂದರೆ ನಂಬುವುದಿಲ್ಲ.
ಹದಿಮೂರು ಜನರ ಬೆವರಲ್ಲಿ ಅದು ಎಲ್ಲಿದೆಯೋ
ನಮಗಾದರೂ ಏನು ಗೊತ್ತು.

ಆರನೇ ವಾರ, ಬೀಳುವ ಪಾಠ.
ಕಣ್ಣು ಮುಚ್ಚಿ, ಕಡಿದ ಮರದ ಹಾಗೆ ಹಿಂದಕ್ಕೆ.
ಓಬಳೇಶ ಬಿದ್ದ. ಅವನ ಎಡಭುಜ ನನ್ನ ಪಾಲಿನದು.
ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಗಿ
ಕೆಳಗೆ ಗಿರಣಿ ನಿಂತಿತು.
ಮಷೀನು ನಿಂತರೆ ಊಟದ ಬಿಡುವು ಅಲ್ಲವೇ,
ನನ್ನ ಮೈ ಬಾಗಿಲ ಕಡೆ ತಿರುಗಿಬಿಟ್ಟಿತ್ತು.

ಭುಜ ನೆಲಕ್ಕೆ ಬಡಿದ ಸದ್ದು ಅಷ್ಟು ಸ್ಪಷ್ಟ
ನಾವು ಯಾರೂ ಅಷ್ಟು ದಿನ ಏನನ್ನೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಹೋಗಬಾರದೆಂದು
ಒಗೆದದ್ದನ್ನೇ ಒಗೆಯುತ್ತ ಕೂತೆ. ಎಂಟೂವರೆಗೆ ಎದ್ದು ಹೋದೆ.
ಯಾರೂ ಏನೂ ಅನ್ನಲಿಲ್ಲ. ಓಬಳೇಶ
ಮುಲಾಮಿನ ವಾಸನೆಯೊಂದಿಗೆ ಕೋಣೆ ದಾಟಿ ಬಂದು
ನನಗೆ ಬೆನ್ನು ಮಾಡಿ ನಿಂತ.
ಅಂಗಿಯ ಹೆಗಲಲ್ಲಿ ಟಿಕೆಟ್ ಚೀಲದ ಪಟ್ಟಿ ಸವೆಸಿದ ಗೆರೆ,
ಕಾಲರ್ ಹೊಲಿಗೆ ಅರ್ಧ ಇಂಚು ಬಿಟ್ಟಿದೆ.

ತಿರುಗಿ ನೋಡದೆ ಮೆಲ್ಲಗೆ ಅಂದ:
ರೈಟ್, ರೈಟ್.

ಎಷ್ಟು ಭಾರ ಒಬ್ಬ ಮನುಷ್ಯ!
ಕೆಳಗೆ ಗಿರಣಿ ಓಡುತ್ತಿತ್ತು, ನೆಲ ನಡುಗುತ್ತಿತ್ತು.
ನನ್ನ ಬಲಗಾಲು ಊರಿದಲ್ಲೇ ಇತ್ತು.

ಮುಂದಿನವರು, ಅಂದರು ಮೇಡಂ.
ಸರದಿ ನನ್ನದು.